ಮರ್ತೂರಿನ ಮಿತಾಕ್ಷರದಿಂದ ವಾಡಿಯ ಅಪ್ರೆಂಟಿಸ್‌ವರೆಗೆ: ಕಸುಬು ಕಲಿಯೋಕೆ ಬಂದವರ ಹಳೇ ಹಕ್ಕು

ಇವತ್ತು ನಾವು ಹೋಗ್ತಿರೋದು ಕಲಬುರಗಿ ಜಿಲ್ಲೆಯ ಸಿಮೆಂಟ್ ಸೀಮೆಗೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಕೇಳ್ತಿರೋರಲ್ಲಿ ಆ ಕಡೆಯವರು ಇದ್ರೆ ನಿಮ್ಮೂರಿನ ಕತೆನೇ ಇದು. ಬೇರೆ ಕಡೆಯವರಾದರೂ ಪರವಾಗಿಲ್ಲ, ನಿಮ್ಮ ಮನೆಯ ಗೋಡೆಯಲ್ಲಿ ಇಲ್ಲಿನ ಸಿಮೆಂಟ್, ಅಂಗಳದಲ್ಲಿ ಇಲ್ಲಿನ ಪರ್ಸಿ ಕಲ್ಲು ಇರಬಹುದು.

ವಿಷಯ ಏನು ಅಂದ್ರೆ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು. ಐಟಿಐ ಮುಗಿಸಿ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಅಂತ ಅಪ್ರೆಂಟಿಸ್ ಆಗಿ ಹೋಗುವವರು. ಇವರಲ್ಲಿ ಬಹಳ ಮಂದಿಗೆ ಗೊತ್ತಿರೋ ಮಾತುಗಳು ಇವು: "ತಮ್ಮಾ, ಚಾ ತಗೊಂಡು ಬಾ." "ತಮ್ಮಾ, ಇಲ್ಲಿ ಕಸ ಹೊಡಿ." "ತಮ್ಮಾ, ಈ ಚೀಟಿ ಸ್ಟೋರ್‌ಗೆ ಕೊಟ್ಟು ಬಾ." ಒಂದು ದಿನ ಹೀಗಾದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ದೊಡ್ಡವರು ಹೇಳಿದ್ದು, ಮಾಡಿದರಾಯ್ತು. ಆದರೆ ಇಡೀ ವರ್ಷ ಹೀಗೇ ಕಳೆದರೆ ಕೈಗೆ ಸರ್ಟಿಫಿಕೇಟ್ ಬರುತ್ತೆ, ಕೈಗೆ ಕಸುಬು ಬರಲ್ಲ.

ಹಾಗಾದರೆ ಕಲಿಯೋಕೆ ಬಂದವರಿಗೆ ಬೇರೆ ಕೆಲಸ ಹಚ್ಚಬಹುದಾ? ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ನಮ್ಮಲ್ಲಿ ಲಿಖಿತ ಉತ್ತರ ಇದ್ದು ಸಾವಿರ ವರ್ಷದ ಮೇಲಾಯ್ತು. ಆ ಕಾನೂನಿನ ಮೇಲೆ ಅತ್ಯಂತ ಹೆಸರುವಾಸಿ ವ್ಯಾಖ್ಯಾನ ಬರೆದವರ ಊರು ಅಂತ ಗುರುತಿಸಿರೋದು ಶಹಾಬಾದ್ ಪಕ್ಕದ ಮರ್ತೂರನ್ನು. ಅಲ್ಲಿಗೆ ಬರೋಣ. ಮೊದಲು ಚಿತ್ತಾಪುರಕ್ಕೆ ಹೋಗೋಣ.

ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಅಂತ ಜಾಗ ಇದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಘಟಿಕಾಸ್ಥಾನ, ಅಂದ್ರೆ ಇವತ್ತಿನ ಭಾಷೆಯಲ್ಲಿ ರೆಸಿಡೆನ್ಶಿಯಲ್ ಕಾಲೇಜು. 1058ರ ಶಾಸನ ಅಲ್ಲಿನ ವ್ಯವಸ್ಥೆಯನ್ನು ಲೆಕ್ಕ ಹಾಕಿ ಹೇಳುತ್ತೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಸುಮಾರು 50 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಜೊತೆಗೆ ಆರು ಜನ ಸರಸ್ವತಿ ಭಂಡಾರಿಗರು, ಅಂದ್ರೆ ಗ್ರಂಥಾಲಯ ನೋಡಿಕೊಳ್ಳುವವರು. ದೊರೆ ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಇದನ್ನು ಕಟ್ಟಿಸಿದ. ಇದು ನಡೆಯಲಿ ಅಂತ ದತ್ತಿ ಬಿಟ್ಟರು.

ಗಮನಿಸಬೇಕಾದ್ದು ಏನಂದ್ರೆ, ಕಲಿಯುವವನ ಖರ್ಚನ್ನು ಯಾರೋ ಒಬ್ಬರು ಹೊರಬೇಕು ಅನ್ನೋ ತಿಳುವಳಿಕೆ ಆಗಲೇ ಇತ್ತು. ಹೊಟ್ಟೆಪಾಡಿನ ಚಿಂತೆ ಇದ್ದವನು ಓದೋದು ಕಷ್ಟ ಅಂತ ಅವರಿಗೆ ಗೊತ್ತಿತ್ತು.

ಆದರೆ ಅದೇ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಇದೆ. ಆ ಕಂಬಗಳನ್ನು ಕಡೆದವರು ಎಲ್ಲಿ ಕಲಿತರು? ಉಳಿ ಹಿಡಿಯೋದು ಯಾರು ಹೇಳಿಕೊಟ್ಟರು? ಕಲಿಯುವಾಗ ಅವರಿಗೆ ಊಟ ಯಾರು ಹಾಕಿದರು? ಘಟಿಕಾಸ್ಥಾನದ ಲೆಕ್ಕದಲ್ಲಿ ಅವರಿಲ್ಲ. ವೇದ ಓದುವವರಿಗೆ ಸಿಕ್ಕ ದತ್ತಿ ಕಲ್ಲು ಕೆತ್ತುವ ಹುಡುಗನವರೆಗೆ ಬರಲಿಲ್ಲ. ಅವನ ಮಾತು ಸಿಗೋದು ಇನ್ನೊಂದು ಕಡೆ, ಕಾನೂನಿನ ಪುಸ್ತಕದಲ್ಲಿ.

ಈಗ ಮರ್ತೂರಿಗೆ ಬರೋಣ. ವಿಜ್ಞಾನೇಶ್ವರ ಅನ್ನೋ ಹೆಸರು ಕೇಳಿರ್ತೀರಿ. ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಕಲ್ಯಾಣದಿಂದ, ಅಂದ್ರೆ ಇವತ್ತಿನ ಬಸವಕಲ್ಯಾಣದಿಂದ ಆಳಿದ. ಅವನ ಕಾಲದಲ್ಲಿ ಇದ್ದವರು ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ಟೀಕೆಯೇ ಮಿತಾಕ್ಷರ. ಆಸ್ತಿ ಪಾಲಿನ ವಿಷಯದಲ್ಲಿ ಭಾರತದ ಬಹುಭಾಗದ ಕೋರ್ಟುಗಳು ಇದನ್ನೇ ಆಧಾರ ಮಾಡಿಕೊಂಡವು. 1810ರಲ್ಲಿ ಕೋಲ್‌ಬ್ರೂಕ್ ಅನ್ನೋ ಬ್ರಿಟಿಷ್ ವಿದ್ವಾಂಸ ಅದರ ದಾಯಭಾಗದ ಅಧ್ಯಾಯವನ್ನು ಇಂಗ್ಲಿಷಿಗೆ ತಂದ. ಅಂದಿನಿಂದ ಮಿತಾಕ್ಷರ ಅಂದ್ರೆ ಆಸ್ತಿ, ಆಸ್ತಿ ಅಂದ್ರೆ ಮಿತಾಕ್ಷರ ಅನ್ನೋ ಹಾಗಾಯ್ತು. ಅದೇ ಪುಸ್ತಕದಲ್ಲಿ ಕೆಲಸಗಾರರ ಬಗ್ಗೆ ಇರೋ ಭಾಗದ ಕಡೆ ಜನರ ಗಮನ ಹೋಗಿದ್ದು ಕಡಿಮೆ.

ಆ ಭಾಗದಲ್ಲಿ ಏನಿದೆ? ಇನ್ನೊಬ್ಬರ ಕೈಕೆಳಗೆ ಇರುವವರನ್ನು ಐದು ಬಗೆಯಾಗಿ ವಿಂಗಡಿಸ್ತಾರೆ. ಇದು ಅದಕ್ಕೂ ಹಳೆಯ ನಾರದ ಸ್ಮೃತಿಯಿಂದ ಬಂದ ಪಟ್ಟಿ. ಶಿಷ್ಯ, ಅಂದ್ರೆ ವಿದ್ಯೆ ಓದುವವನು. ಅಂತೇವಾಸಿ, ಅಂದ್ರೆ ಕಸುಬು ಕಲಿಯೋಕೆ ಗುರುವಿನ ಮನೆಯಲ್ಲಿ ಇರುವವನು. ಭೃತಕ, ಕೂಲಿಗೆ ದುಡಿಯುವವನು. ಅಧಿಕರ್ಮಕೃತ್, ಕೆಲಸದವರ ಮೇಲ್ವಿಚಾರಕ, ಇವತ್ತಿನ ಸೂಪರ್‌ವೈಸರ್ ಅನ್ನಿ. ಐದನೆಯವನು ದಾಸ.

ಇಲ್ಲಿ ಒಂದು ನಿಮಿಷ ನಿಲ್ಲಿ. ಕಲಿಯುವವನು ಬೇರೆ, ಕೂಲಿಯವನು ಬೇರೆ ಅಂತ ಕಾನೂನೇ ಹೇಳ್ತಿದೆ. ಇಬ್ಬರೂ ಒಂದೇ ಜಾಗದಲ್ಲಿ ಬೆವರು ಸುರಿಸಬಹುದು, ಒಂದೇ ಸುತ್ತಿಗೆ ಹಿಡಿದಿರಬಹುದು. ಆದರೆ ಒಬ್ಬನು ದುಡ್ಡಿಗೆ ಬಂದಿದ್ದಾನೆ, ಇನ್ನೊಬ್ಬನು ವಿದ್ಯೆಗೆ ಬಂದಿದ್ದಾನೆ. ಆದ್ದರಿಂದ ಇಬ್ಬರಿಗೂ ಕೊಡಬೇಕಾದ್ದು ಬೇರೆ ಬೇರೆ.

ಅಂತೇವಾಸಿಯ ಕರಾರು ಹೀಗಿತ್ತು. ಎಷ್ಟು ವರ್ಷ ಅಂತ ಮೊದಲೇ ಮಾತಾಗಬೇಕು. ಮಿತಾಕ್ಷರ ಕೊಡುವ ಉದಾಹರಣೆ ನಾಲ್ಕು ವರ್ಷದ್ದು, ವೈದ್ಯದಂಥ ವಿದ್ಯೆ ಕಲಿಯೋಕೆ ಬಂದವನದ್ದು. ಅಷ್ಟು ದಿನ ಗುರುವಿನ ಮನೆಯಲ್ಲೇ ಇರಬೇಕು. ಊಟ ಗುರುವಿನದು. ಆ ಅವಧಿಯಲ್ಲಿ ಹುಡುಗ ಮಾಡಿದ ಕೆಲಸದಿಂದ ಬಂದ ಗಳಿಕೆ ಗುರುವಿಗೆ. ಎರಡೇ ವರ್ಷಕ್ಕೆ ಎಲ್ಲಾ ಕಲಿತುಬಿಟ್ಟರೂ ಮಾತಾದಷ್ಟು ದಿನ ಇರಲೇಬೇಕು.

ಇದು ಅನ್ಯಾಯ ಅನ್ನಿಸುತ್ತಾ? ಲೆಕ್ಕ ಹಾಕಿ ನೋಡ್ರಿ. ಮೊದಲ ವರ್ಷ ಹುಡುಗ ಕಲ್ಲು ಒಡೆದು ಹಾಳು ಮಾಡ್ತಾನೆ, ಕಬ್ಬಿಣ ಕೆಡಿಸ್ತಾನೆ. ಗುರುವಿಗೆ ನಷ್ಟ. ಕೊನೆಯ ವರ್ಷ ಅವನು ಪಳಗಿದ ಕೈ. ಆಗ ಗುರುವಿಗೆ ಲಾಭ. ಈ ಕೊನೆಯ ವರ್ಷದ ಲಾಭ ಸಿಗುತ್ತೆ ಅನ್ನೋ ಭರವಸೆ ಇದ್ದರೆ ಗುರು ಮೊದಲ ವರ್ಷದ ನಷ್ಟ ಸಹಿಸ್ತಾನೆ. ಇಂಗ್ಲೆಂಡಿನಲ್ಲಿ 1563ರ ಕಾನೂನು ಕಸುಬು ಕಲಿಯೋಕೆ ಕನಿಷ್ಠ 7 ವರ್ಷ ಅಂತ ನಿಗದಿ ಮಾಡಿತ್ತು. ಅಲ್ಲಿಯೂ ಇದೇ ಲೆಕ್ಕ ಕೆಲಸ ಮಾಡ್ತಿತ್ತು.

ಗುರುವಿನ ಮೇಲೂ ಕಟ್ಟುಪಾಡು ಇತ್ತು. ನಾರದ ಸ್ಮೃತಿಯ ಸಾರ ಇದು: ಗುರು ತನ್ನ ಮನೆಯಲ್ಲಿ ಊಟ ಹಾಕಿ ಕಲಿಸಬೇಕು, ಮಗನ ಹಾಗೆ ನೋಡಿಕೊಳ್ಳಬೇಕು, ಬೇರೆ ಕೆಲಸ ಮಾಡಿಸಬಾರದು. ಹೌದು, ಬೇರೆ ಕೆಲಸ ಮಾಡಿಸಬಾರದು ಅಂತ ನೇರವಾಗೇ ಇದೆ. ಕಾತ್ಯಾಯನ ಅನ್ನೋ ಇನ್ನೊಬ್ಬ ಶಾಸ್ತ್ರಕಾರ ಇನ್ನೂ ಮುಂದೆ ಹೋಗ್ತಾನೆ. ಕಸುಬು ಕಲಿಸದೆ ಬೇರೆ ಕೆಲಸಕ್ಕೆ ಹಚ್ಚಿದ ಗುರುವಿಗೆ ದಂಡ. ಶಿಷ್ಯ ಕರಾರು ಮುರಿದು ಹೊರಗೆ ಬರಬಹುದು.

ಚಾ ತರೋಕೆ, ಕಸ ಹೊಡೆಯೋಕೆ ಅಂತ ವರ್ಷ ಕಳೆಯುವ ಅಪ್ರೆಂಟಿಸ್‌ನ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಾ?

ಆದರೆ ಇಷ್ಟು ಕೇಳಿ "ಆಗಿನ ಕಾಲವೇ ಚೆಂದ" ಅಂತ ಹೇಳೋಕೆ ಹೋಗಬೇಡಿ. ಅದೇ ಕಾನೂನಿನ ಇನ್ನೊಂದು ಮುಖ ನೋಡಲೇಬೇಕು. ಚೆನ್ನಾಗಿ ಕಲಿಸ್ತಿರೋ ಗುರುವನ್ನು ಬಿಟ್ಟು ಓಡಿದ ಹುಡುಗನನ್ನು ಬಲವಂತವಾಗಿ ಹಿಡಿದು ಇಡಬಹುದಿತ್ತು, ಹೊಡೆಯಬಹುದಿತ್ತು, ಕಟ್ಟಿಹಾಕಬಹುದಿತ್ತು. ಕಸ ತೆಗೆಯೋದು, ಬೀದಿ ಬಾಗಿಲು ಗುಡಿಸೋದು ಅಂತೇವಾಸಿಯ ಕೆಲಸ ಅಲ್ಲ ಅಂದವರು ಅದನ್ನು ದಾಸನ ತಲೆಗೆ ಕಟ್ಟಿದರು. ಅಂದ್ರೆ ಒಬ್ಬನಿಗೆ ಸಿಕ್ಕ ಗೌರವ ಇನ್ನೊಬ್ಬನ ಗುಲಾಮಗಿರಿಯ ಮೇಲೆ ನಿಂತಿತ್ತು. ಯಾರು ಯಾವ ಕಸುಬು ಕಲಿಯಬೇಕು ಅನ್ನೋದನ್ನು ಬಹುಮಟ್ಟಿಗೆ ಜಾತಿಯೇ ತೀರ್ಮಾನಿಸ್ತಿತ್ತು. ಹೆಣ್ಣುಮಕ್ಕಳು ಕಮ್ಮಾರಸಾಲೆಯಲ್ಲಿ ಕರಾರು ಮಾಡಿಕೊಂಡು ಕಲಿಯೋದು ಆ ಪುಸ್ತಕಗಳ ಕಲ್ಪನೆಯಲ್ಲೇ ಇರಲಿಲ್ಲ. ಕಲಿಯುವವರನ್ನು ಕೂಲಿಯವರಿಂದ ಬೇರೆಯಾಗಿ ನೋಡಬೇಕು ಅನ್ನೋ ಆ ಒಂದು ತಿಳುವಳಿಕೆಯನ್ನು ಅಲ್ಲಿಂದ ತಗೊಳ್ಳೋಣ. ಉಳಿದದ್ದು ಅಲ್ಲೇ ಇರಲಿ.

ಈಗ ಕೆಲವು ಶತಮಾನ ಹಾರಿ ನಿಜಾಮರ ಕಾಲಕ್ಕೆ ಬರೋಣ. 1871ರಲ್ಲಿ ಬೊಂಬಾಯಿ ಕಡೆಯ ರೈಲು ವಾಡಿ ದಾಟಿ ರಾಯಚೂರಿಗೆ ಹೋಯ್ತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ವಾಡಿ ಜಂಕ್ಷನ್ ಆಯ್ತು. ರೈಲು ಬಂದ ಮೇಲೆ ಕಲ್ಲಿಗೆ ದೂರದ ಮಾರ್ಕೆಟ್ ಸಿಕ್ತು. ಶಹಾಬಾದ್ ಕಲ್ಲು ಅನ್ನೋ ಹೆಸರು ಬೇರೆ ರಾಜ್ಯಗಳಿಗೂ ಹಬ್ಬಿತು. 1920ರ ದಶಕದಲ್ಲಿ ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದಾಗ ಶಹಾಬಾದ್ ಕಂಪನಿಯೂ ಅದರಲ್ಲಿ ಒಂದು.

ಆಗ ಕಸುಬು ಕಲಿಯೋದು ಹೇಗೆ? ಕಲ್ಲಿನ ಖಣಿಯಲ್ಲಿ ಅಪ್ಪನ ಪಕ್ಕ ನಿಂತು. ವರ್ಕ್‌ಶಾಪಿನಲ್ಲಿ ಉಸ್ತಾದನ ಪಕ್ಕ ನಿಂತು. ನಮ್ಮ ಕಡೆ ಇವತ್ತಿಗೂ ಗ್ಯಾರೇಜಿನಲ್ಲಿ ಉಸ್ತಾದ್ ಅನ್ನೋ ಮಾತು ಇದೆ. ಅವನು ಸ್ಪ್ಯಾನರ್ ಕೇಳಿದಾಗ ಕೊಡು, ಅವನ ಕೈ ನೋಡು, ಬೈಸ್ಕೊ, ಒಂದು ದಿನ ನಿನ್ನ ಕೈಗೂ ಸ್ಪ್ಯಾನರ್ ಬರುತ್ತೆ. ಹೀಗೆ ಕಲಿತವರ ಕೈಚಳಕ ಕಡಿಮೆ ಏನಲ್ಲ. ಪರ್ಸಿಯ ಪದರ ಎಲ್ಲಿ ಬಿಚ್ಚಿಕೊಳ್ಳುತ್ತೆ ಅಂತ ಬಡಿದ ಸಪ್ಪಳದಲ್ಲೇ ಹೇಳುವವರು ಹೀಗೇ ತಯಾರಾದವರು.

ಆದರೆ ಇದರಲ್ಲಿ ಒಂದು ಕೊರತೆ ಇತ್ತು. ಎಷ್ಟು ದಿನ ಅಂತ ಮಾತಿಲ್ಲ. ಕಲಿಸಲೇಬೇಕು ಅನ್ನೋ ಕಟ್ಟು ಇಲ್ಲ. ಕಲಿತಿದ್ದಕ್ಕೆ ಕಾಗದ ಇಲ್ಲ. ಉಸ್ತಾದ್ ಒಳ್ಳೆಯವನಾದರೆ ಹುಡುಗನ ಬದುಕು ಹಸನು. ಅಲ್ಲದಿದ್ದರೆ ಹತ್ತು ವರ್ಷ ಹೆಲ್ಪರ್. ಕಾರ್ಖಾನೆ ನಡೆಯುವಷ್ಟು ದಿನ ಇದು ಕಣ್ಣಿಗೆ ಬೀಳಲ್ಲ. ಕಾರ್ಖಾನೆ ನಿಂತಾಗ ಬೀಳುತ್ತೆ.

ಈ ಸೀಮೆಯಲ್ಲಿ ಕಾರ್ಖಾನೆ ನಿಂತಿದ್ದೂ ಇದೆ. ಶಹಾಬಾದಿನ ಹಳೇ ಸಿಮೆಂಟ್ ಕಾರ್ಖಾನೆ ಕೈ ಬದಲಾಗಿ ಆಮೇಲೆ ಬಾಗಿಲು ಹಾಕಿತು. ಸೇಡಂ ತಾಲೂಕಿನ ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ 1970ರ ದಶಕದಲ್ಲಿ ಕಾರ್ಖಾನೆ ನಡೆಸಿತು, 1990ರ ದಶಕದ ಕೊನೆಗೆ ಅದೂ ನಿಂತಿತು. ಇಂಥ ಹೊತ್ತಲ್ಲಿ ಇಬ್ಬರ ಹಣೆಬರಹ ಬೇರೆ ಬೇರೆ. ಕಸುಬೂ ಇದೆ, ಅದಕ್ಕೆ ಸರ್ಟಿಫಿಕೇಟೂ ಇದೆ ಅನ್ನುವವನು ಇನ್ನೊಂದು ಊರಿನ ಗೇಟಿಗೆ ಹೋಗಿ ಅರ್ಜಿ ಹಾಕಬಹುದು. ಕಸುಬು ಮಾತ್ರ ಇದ್ದು ಕಾಗದ ಇಲ್ಲದವನನ್ನು ಹೊಸ ಜಾಗದಲ್ಲಿ ಮತ್ತೆ ಹೆಲ್ಪರ್ ಅಂತಲೇ ತಗೊಳ್ತಾರೆ.

ಸ್ವಾತಂತ್ರ್ಯದ ನಂತರ ಈ ಕೊರತೆ ತುಂಬೋಕೆ ಬಂದ ಕಾನೂನೇ ಅಪ್ರೆಂಟಿಸಸ್ ಆಕ್ಟ್, 1961. ಜಾರಿಗೆ ಬಂದಿದ್ದು 1962ರ ಮಾರ್ಚ್ 1ರಂದು. ಅದಕ್ಕೂ ಮುಂಚೆ ಬ್ರಿಟಿಷ್ ಇಂಡಿಯಾದಲ್ಲಿ 1850ರ ಒಂದು ಕಾಯ್ದೆ ಇತ್ತು. ಅದು ಮುಖ್ಯವಾಗಿ ಅನಾಥ ಮಕ್ಕಳನ್ನು, ಬಡ ಮಕ್ಕಳನ್ನು ಕಸುಬಿಗೆ ಹಚ್ಚೋಕೆ ಮಾಡಿದ್ದು. ಹೊಸ ಕಾಯ್ದೆ ಅದನ್ನು ತೆಗೆದುಹಾಕಿತು. ಆರು ವರ್ಷದ ನಂತರ, 1968ರಲ್ಲಿ, ವಾಡಿಯಲ್ಲಿ ಎಸಿಸಿಯ ಸಿಮೆಂಟ್ ಕಾರ್ಖಾನೆ ಶುರುವಾಯ್ತು. ಹಾಗಾಗಿ ವಾಡಿಗೆ ಅಪ್ರೆಂಟಿಸ್ ಆಗಿ ಕಾಲಿಟ್ಟ ಮೊದಲ ಹುಡುಗನ ಹೊತ್ತಿಗೇ ಈ ಕಾನೂನು ಇತ್ತು.

ಈ ಕಾಯ್ದೆಯನ್ನು ಆ ಹಳೇ ಅಂತೇವಾಸಿಯ ಕರಾರಿನ ಪಕ್ಕ ಇಟ್ಟು ನೋಡಿದರೆ ಮೈ ಜುಂ ಅನ್ನುತ್ತೆ. ಅಲ್ಲಿ ಅವಧಿ ಮೊದಲೇ ಮಾತಾಗಬೇಕು ಅಂದ್ರು. ಇಲ್ಲಿ ಲಿಖಿತ ಕಾಂಟ್ರ್ಯಾಕ್ಟ್ ಬೇಕು, ಅದು ನೋಂದಣಿ ಆಗಬೇಕು. ಅಲ್ಲಿ ಗುರುವಿನ ಮನೆ ಊಟ. ಇಲ್ಲಿ ತಿಂಗಳ ಸ್ಟೈಪೆಂಡ್. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ಕನಿಷ್ಠ 7,000 ರೂಪಾಯಿ ಇತ್ತು. ಅಲ್ಲಿ ಬೇರೆ ಕೆಲಸ ಮಾಡಿಸಿದ ಗುರುವಿಗೆ ದಂಡ. ಇಲ್ಲಿಯೂ ತರಬೇತಿಗೆ ಸಂಬಂಧ ಇಲ್ಲದ ಕೆಲಸಕ್ಕೆ ಅಪ್ರೆಂಟಿಸ್‌ನ ಹಚ್ಚೋದು ಶಿಕ್ಷೆಯಾಗೋ ಅಪರಾಧ. 1961ರ ಕಾಯ್ದೆಯಲ್ಲಿ ಸೆರೆವಾಸಕ್ಕೂ ಅವಕಾಶ ಇತ್ತು. 2014ರ ತಿದ್ದುಪಡಿ ಸೆರೆವಾಸ ತೆಗೆದು ದಂಡ ಉಳಿಸಿತು. ಅಲ್ಲಿ ಕಲಿಸದ ಗುರುವನ್ನು ಶಿಷ್ಯ ಬಿಟ್ಟು ಹೋಗಬಹುದು. ಇಲ್ಲಿ ಕಂಪನಿ ಮಾತು ತಪ್ಪಿ ಅದರಿಂದ ಕರಾರು ರದ್ದಾದರೆ ಅಪ್ರೆಂಟಿಸ್‌ಗೆ ಪರಿಹಾರ ಕೊಡಬೇಕು. ಹುಡುಗನ ಮೈಯಲ್ಲಿ ಹೊಡೆತ ಮಾತ್ರ ಇಲ್ಲ, ಅದು ಹೋಗಿದ್ದೇ ಒಳ್ಳೇದಾಯ್ತು.

ಇನ್ನೂ ಎರಡು ಅಂಶ ಬಹಳ ಮಂದಿಗೆ ಗೊತ್ತಿಲ್ಲ. ಒಂದು, ಅನುಮತಿ ಇಲ್ಲದೆ ಅಪ್ರೆಂಟಿಸ್‌ಗೆ ಓವರ್‌ಟೈಮ್ ಹಾಕೋ ಹಾಗಿಲ್ಲ. ಎರಡು, ಇಷ್ಟು ಪೀಸಿಗೆ ಇಷ್ಟು ದುಡ್ಡು ಅಂತ ಲೆಕ್ಕದಲ್ಲಿ ಅವರಿಗೆ ಕೊಡೋ ಹಾಗಿಲ್ಲ. ಯಾಕೆ ಅಂತ ಯೋಚನೆ ಮಾಡಿ. ಪೀಸ್ ಲೆಕ್ಕ ಬಂದ ಕೂಡಲೇ ಕೈ ಓಡುತ್ತೆ, ತಲೆ ನಿಲ್ಲುತ್ತೆ. ಕಲಿಯುವವರಿಗೆ ನಿಧಾನವಾಗಿ ಮಾಡುವ, ತಪ್ಪಿ ಮತ್ತೆ ಮಾಡುವ ಹಕ್ಕು ಇರಬೇಕು.

ಜರ್ಮನಿಯ ಅಪ್ರೆಂಟಿಸ್ ಪದ್ಧತಿಯನ್ನು ಎಲ್ಲರೂ ಹೊಗಳ್ತಾರಲ್ಲ, ಅಲ್ಲಿನ 1969ರ ವೃತ್ತಿ ತರಬೇತಿ ಕಾನೂನು ಕೂಡ ಇದೇ ಮಾತು ಹೇಳುತ್ತೆ. ಕಲಿಯುವವರಿಗೆ ಕೊಡುವ ಕೆಲಸ ಕಲಿಕೆಗೆ ಉಪಯೋಗ ಆಗುವಂಥದ್ದೇ ಆಗಿರಬೇಕು. ಅಲ್ಲಿ ಅಪ್ರೆಂಟಿಸ್ ತಾನು ಕಲಿತದ್ದನ್ನು ಬರೆದಿಡ್ತಾ ಹೋಗುವ ಪದ್ಧತಿ ಇದೆ. ಅದನ್ನು ಕಲಿಸುವವರು ನೋಡಿ ಸಹಿ ಹಾಕ್ತಾರೆ.

ಇದನ್ನು ಬರೀ ಹಕ್ಕಿನ ಮಾತು ಅಂತ ತಿಳ್ಕೋಬೇಡಿ. ಇದು ಜೀವದ ಮಾತು. ಸಿಮೆಂಟ್ ಕಾರ್ಖಾನೆಯ ಕಿಲ್ನ್ ಒಳಗೆ ಕಚ್ಚಾ ಸಾಮಗ್ರಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತೆ. ಕನ್ವೇಯರ್ ಬೆಲ್ಟ್‌ಗಳು ಉದ್ದಕ್ಕೂ ಓಡ್ತಿರ್ತವೆ. ಒಂದು ಬೆಲ್ಟ್ ರಿಪೇರಿ ಮಾಡಬೇಕು ಅಂದ್ರೆ ಮೊದಲು ಕರೆಂಟ್ ತೆಗೆಯಬೇಕು, ಸ್ವಿಚ್ಚಿಗೆ ಬೀಗ ಜಡಿಯಬೇಕು, ಪರ್ಮಿಟ್ ಚೀಟಿ ಬರೆಸಬೇಕು, ಆಮೇಲೆ ಕೈ ಇಡಬೇಕು. ಎಂಟು ತಿಂಗಳು ಚಾ ತಂದ ಹುಡುಗನಿಗೆ ಈ ಕ್ರಮ ಯಾರೂ ಹೇಳಿಕೊಟ್ಟಿರಲ್ಲ. ಒಂಬತ್ತನೇ ತಿಂಗಳು ಜನ ಕಡಿಮೆ ಇದ್ದಾರೆ ಅಂತ ಅವನನ್ನೇ ಬೆಲ್ಟ್ ಹತ್ತಿರ ಕಳಿಸಿದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅಪ್ರೆಂಟಿಸ್‌ಗೆ ಗಾಯವಾದರೆ ಪರಿಹಾರ ಕೊಡಬೇಕು ಅಂತ ಕಾಯ್ದೆಯಲ್ಲಿದೆ ನಿಜ. ಪರಿಹಾರಕ್ಕಿಂತ ಮುಂಚೆ ಪಾಠ ಸಿಗಬೇಕು.

ಇವತ್ತಿನ ಚಿತ್ರ ನೋಡೋಣ. 1980ರ ದಶಕದಲ್ಲಿ ಸೇಡಂನಲ್ಲಿ ವಾಸವದತ್ತಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ ಬಂದವು. ಫ್ರಾನ್ಸಿನ ವಿಕಾ ಗುಂಪು ಚಿಂಚೋಳಿ ತಾಲೂಕಿನ ಛತ್ರಸಾಲಾದಲ್ಲಿ ಕಾರ್ಖಾನೆ ಹಾಕಿತು. 2015ರಲ್ಲಿ ಚಿತ್ತಾಪುರ ತಾಲೂಕಿನ ಇಟಗಾದಲ್ಲಿ ಓರಿಯೆಂಟ್ ಸಿಮೆಂಟ್ ಶುರುವಾಯ್ತು. ಇವುಗಳಲ್ಲಿ ಕೆಲವು ಗೇಟಿನ ಮೇಲಿನ ಹೆಸರು ಆಗಲೇ ಬದಲಾಗಿದೆ. ಮಳಖೇಡದ್ದು ಈಗ ಅಲ್ಟ್ರಾಟೆಕ್. ವಾಡಿಯ ಎಸಿಸಿ 2022ರಲ್ಲಿ ಅದಾನಿ ಗುಂಪಿಗೆ ಸೇರಿತು. ಮುಂದೆಯೂ ಬೋರ್ಡು ಬದಲಾಗ್ತಾ ಇರುತ್ತೆ. ಬೋರ್ಡಿನ ಹೆಸರು ನಂಬ್ಕೊಂಡು 40 ವರ್ಷ ಕೆಲಸ ಮಾಡುವ ಕಾಲ ಹೋಯ್ತು. ನಿಮ್ಮ ಜೊತೆ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಬರೋದು ನೀವು ಕಲಿತ ಕಸುಬು ಮತ್ತು ಅದಕ್ಕೆ ಇರುವ ಕಾಗದ.

ಕಾನೂನಿನ ಬಲ ಹಿಂದಿಗಿಂತ ಜಾಸ್ತಿ ಇದೆ. 2019ರ ತಿದ್ದುಪಡಿ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಒಟ್ಟು ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು. ಗುತ್ತಿಗೆ ಕೆಲಸಗಾರರೂ ಆ ಲೆಕ್ಕಕ್ಕೆ ಸೇರ್ತಾರೆ. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಹಂಚಿಕೊಂಡಿತು. ನಮ್ಮ ಭಾಗಕ್ಕೆ ಬಂದ ಸಂವಿಧಾನದ 371ಜೆ ವಿಧಿಯನ್ನು ಸರ್ಕಾರಿ ನೌಕರಿ, ಮೆಡಿಕಲ್ ಸೀಟಿಗೆ ಅಂತಲೇ ಮಾತಾಡ್ತೀವಿ. ಅದರಲ್ಲಿ ವೃತ್ತಿ ತರಬೇತಿ ಸಂಸ್ಥೆಗಳ ಸೀಟಿನ ಮಾತೂ ಇದೆ.

ಕಾನೂನಿಗೆ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡ್ತೀನಿ. ಅಪ್ರೆಂಟಿಸ್ ಅಂದ್ರೆ ಕಾರ್ಮಿಕ ಅಲ್ಲ, ತರಬೇತಿ ಪಡೆಯುವವನು ಅಂತ ಕಾಯ್ದೆ ಹೇಳುತ್ತೆ. ಮುಗಿದ ಮೇಲೆ ಅಲ್ಲೇ ನೌಕರಿ ಕೊಡಲೇಬೇಕು ಅಂತ ಸಾಮಾನ್ಯವಾಗಿ ಕಟ್ಟು ಇಲ್ಲ. ಹಾಗಾಗಿಯೇ ಕಲಿಕೆಯ ಬೆಲೆ ಇನ್ನೂ ಜಾಸ್ತಿ. ಕಾರ್ಮಿಕನ ಸಂಬಳವೂ ಇಲ್ಲ, ನೌಕರಿಯ ಗ್ಯಾರಂಟಿಯೂ ಇಲ್ಲ ಅಂದ ಮೇಲೆ ವಿದ್ಯೆಯನ್ನಾದರೂ ಪೂರ್ತಿ ಕೊಡಬೇಕು. ಅದನ್ನೂ ಕೊಡದೆ ಇದ್ದರೆ ಹುಡುಗನ ವರ್ಷ ಕದ್ದ ಹಾಗೆ.

ಕೇಳ್ತಿರೋ ತಮ್ಮಂದಿರು, ತಂಗಿಯರು ಮೂರು ಕೆಲಸ ಮಾಡಿ. ಕಾಂಟ್ರ್ಯಾಕ್ಟಿನ ಪ್ರತಿ ನಿಮ್ಮ ಫೋನಿನಲ್ಲಿ ಇಟ್ಕೊಳ್ಳಿ, ಅದರಲ್ಲಿ ಟ್ರೇಡ್ ಯಾವುದು, ಅವಧಿ ಎಷ್ಟು ಅಂತ ಓದಿ. ದಿನಾ ರಾತ್ರಿ ಎರಡು ಸಾಲು ಬರೀರಿ: ಇವತ್ತು ಏನು ಕಲಿತೆ, ಯಾರು ಕಲಿಸಿದರು. ಒಂದು ವಾರ ಪೂರ್ತಿ ಆ ಸಾಲು ಖಾಲಿ ಉಳಿದರೆ ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಿ. "ಸರ್, ನಂಗ ಗೇರ್‌ಬಾಕ್ಸ್ ಬಿಚ್ಚೋದು ಕಲೀಬೇಕಾಗ್ಯಾದ, ಮುಂದಿನ ಶಟ್‌ಡೌನ್ ಟೈಮಿನಾಗ ನಿಂತು ನೋಡ್ಲೇನ್ರಿ?" ಇಷ್ಟು ಕೇಳೋದರಲ್ಲಿ ಅಗೌರವ ಏನೂ ಇಲ್ಲ. ಅಲ್ಲಿ ಬಗೆಹರಿಯದಿದ್ದರೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಅನ್ನೋ ಸರ್ಕಾರಿ ಅಧಿಕಾರಿ ಇದ್ದಾರೆ, ಕರಾರಿನ ತಕರಾರು ತೀರ್ಮಾನಿಸೋ ಅಧಿಕಾರ ಕಾಯ್ದೆ ಅವರಿಗೆ ಕೊಟ್ಟಿದೆ.

ಹಿರಿಯರಿಗೂ ಒಂದು ಮಾತು. ಅಪ್ರೆಂಟಿಸ್‌ನ ಪ್ರಗತಿಯ ದಾಖಲೆ ಇಡಬೇಕು ಅಂತ ಕಾಯ್ದೆ ಕಂಪನಿಗೆ ಹೇಳುತ್ತೆ. ದಾಖಲೆ ಹೇಗೋ ತುಂಬುತ್ತೆ, ಆದರೆ ಕಲಿಸೋದು ರಿಜಿಸ್ಟರ್ ಅಲ್ಲ, ನೀವು. ಬೇರಿಂಗ್ ಕೆಡೋ ಮುಂಚೆ ಸಪ್ಪಳ ಹೇಗೆ ಬದಲಾಗುತ್ತೆ ಅಂತ ನಿಮಗೆ 20 ವರ್ಷದಲ್ಲಿ ಗೊತ್ತಾಗಿದ್ದನ್ನು ಆ ಹುಡುಗನಿಗೆ ಹತ್ತು ನಿಮಿಷದಲ್ಲಿ ಹೇಳಬಹುದು. ಹೇಳಿದರೆ ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ ಅನ್ನೋ ಭಯ ಇದ್ದರೆ ಅದು ಸುಳ್ಳು ಭಯ ಅಂತ ನಾನು ಹೇಳಲ್ಲ, ಗುತ್ತಿಗೆ ಕೆಲಸದ ಕಾಲದಲ್ಲಿ ಅದಕ್ಕೆ ಕಾರಣ ಇದೆ. ಆದರೆ ಪಕ್ಕದಲ್ಲಿ ನಿಂತವನಿಗೆ ಕೆಲಸ ಬರದಿದ್ದರೆ ಅಪಾಯ ಇಬ್ಬರಿಗೂ. ನಿಮ್ಮ ಬೆಲ್ಟಿನ ಸ್ವಿಚ್ ಅವನ ಕೈಯಲ್ಲಿ ಇರುತ್ತೆ.

ಮರ್ತೂರು ಶಹಾಬಾದಿನ ಪಕ್ಕದಲ್ಲೇ ಇದೆ, ವಿಜ್ಞಾನೇಶ್ವರರ ಹೆಸರಿನ ಭವನವೂ ಅಲ್ಲಿದೆ. ಆಸ್ತಿ ಪಾಲಿನ ಕಾನೂನು ಬರೆದವರು ಅಂತ ಅವರನ್ನು ನೆನೀತೀವಿ. ಅಪ್ಪನ ಹೊಲದಲ್ಲಿ ಪಾಲು ಸಿಗೋದು ಒಂದು ಆಸ್ತಿ. ಉಸ್ತಾದನ ಕೈಯಿಂದ ನಿಮ್ಮ ಕೈಗೆ ಬರೋ ಕಸುಬೂ ಆಸ್ತಿಯೇ. ಅದರಲ್ಲಿ ನಿಮ್ಮ ಪಾಲು ಕೇಳಿ ತಗೊಳ್ಳಿ.

ನೀವು ಅಪ್ರೆಂಟಿಸ್ ಆಗಿದ್ದಾಗ ನಿಮಗೆ ನಿಜವಾಗಿ ಕಲಿಸಿದವರು ಯಾರು, ಏನು ಕಲಿಸಿದರು ಅಂತ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ಲಾ, ನಮಸ್ಕಾರ.